ಫಿಯಟ್ ಕಾರಿಗೆ ಹೊಸ ಸ್ಪೀಕರ್, ಹೊಸದೊಂದು ತೂತೂ ಇಲ್ಲದೆ

ನಮ್ಮ ಮನೆಯಲ್ಲಿರುವುದು 1979ರ ಪ್ರೀಮಿಯರ್ ಪದ್ಮಿನಿ. ಮೈಸೂರಿನ ನಮ್ಮ ಬೀದಿಯಲ್ಲಿ ಅದನ್ನು ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ. ಎಲ್ಲರಿಗೂ ಅದು ಫಿಯಟ್ ಕಾರು. ಅಪ್ಪ ಕಾರು ಕೊಂಡ ವರ್ಷವೇ ರೇಡಿಯೋ ಹಾಕಿಸಿದ್ದರು. ಆಗ ರೇಡಿಯೋಗೂ ಬೇಕಿದ್ದ, ಅಂಚೆ ಕಚೇರಿಯಲ್ಲಿ ಮಾಡಿಸಿದ ಲೈಸೆನ್ಸ್ ಪುಸ್ತಕ ಇಂದಿಗೂ ಆರ್‌ಸಿ ಪುಸ್ತಕದ ಜೊತೆಗೇ ಇದೆ. ಮೀಡಿಯಂ ವೇವ್, ಶಾರ್ಟ್ ವೇವ್, ಎರಡು ತಿರುಪು, ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಡಬ್ಬಿಯೊಳಗೆ ಒಂದೇ ಒಂದು ಸ್ಪೀಕರ್. ಅಷ್ಟೇ ಸಂಗೀತ ವ್ಯವಸ್ಥೆ.

ಎರಡು ವರ್ಷದ ಹಿಂದೆ ಆ ಸ್ಪೀಕರ್ ಹರಿದ ತಮಟೆಯಂತೆ ಗೊರಗೊರ ಎನ್ನತೊಡಗಿತು. ಬಿಚ್ಚಿ ನೋಡಿದರೆ ಕಾಗದದ ಕೋನ್ ಅಂಚಿನುದ್ದಕ್ಕೂ ಸೀಳಿದೆ, ಒಳಗೆ ಹಲ್ಲಿಯ ಮೊಟ್ಟೆಯ ಒಣ ಸಿಪ್ಪೆಗಳು. ಹೊಸದು ಹಾಕಿದರಾಯಿತು ಎಂದುಕೊಂಡೆ. ಅಲ್ಲಿಂದಲೇ ನನ್ನ ಎಡವಟ್ಟು ಶುರುವಾಯಿತು.

ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಅದೇ ಅಳತೆಯ ಕಾರ್ ಸ್ಪೀಕರ್ ಕೊಂಡು ತಂದು ಜೋಡಿಸಿದೆ. ಹತ್ತು ನಿಮಿಷ ಚೆನ್ನಾಗಿಯೇ ಹಾಡಿತು. ಆಮೇಲೆ ರೇಡಿಯೋ ಮೈ ಮುಟ್ಟಲಾಗದಷ್ಟು ಬಿಸಿಯಾಗಿ, ಧ್ವನಿ ಸಣ್ಣಗಾಗುತ್ತಾ ನಿಂತೇ ಹೋಯಿತು. ಅದನ್ನು ಹಿಡಿದುಕೊಂಡು ಮಂಡಿ ಮೊಹಲ್ಲಾದ ಹಳೆಯ ರೇಡಿಯೋ ರಿಪೇರಿಯವರ ಬಳಿಗೆ ಹೋದೆ. ಅವರು ಮೊದಲು ರೇಡಿಯೋ ನೋಡಲೇ ಇಲ್ಲ. "ಯಾವ ಸ್ಪೀಕರ್ ಹಾಕಿದಿರಿ, ತೋರಿಸಿ ಸ್ವಾಮಿ" ಎಂದರು. ಮಲ್ಟಿಮೀಟರಿನ ಎರಡು ಮೊನೆ ಇಟ್ಟರು: ಮೂರೂವರೆ ಓಮ್ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ನನ್ನ ಹರಿದ ಹಳೆಯ ಸ್ಪೀಕರಿಗೆ ಇಟ್ಟರು: ಏಳಕ್ಕೆ ಸ್ವಲ್ಪ ಕಡಿಮೆ. "ಇದು ಎಂಟು ಓಮಿನದು, ನೀವು ತಂದದ್ದು ನಾಲ್ಕರದು. ಓಮ್ ಕಡಿಮೆಯಾದರೆ ಎಳೆಯುವ ಕರೆಂಟ್ ಹೆಚ್ಚು. ಹಳೆಯ ಟ್ರಾನ್ಸಿಸ್ಟರ್ ಎಷ್ಟು ಕರೆಂಟ್ ತಡೆದೀತು?" ಮೀಟರ್ ತೋರಿಸುವುದು ಸ್ಪೀಕರಿನೊಳಗಿನ ಸುರುಳಿಯ ತಂತಿಯ ತಡೆಯನ್ನಷ್ಟೇ, ಅದು ಬರೆದಿರುವ ಓಮಿಗಿಂತ ತುಸು ಕಡಿಮೆಯೇ ಇರುತ್ತದೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಸುಟ್ಟುಹೋದ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಖರ್ಚು ಉಳಿಯುತ್ತಿತ್ತು.

ಹಳೆಯ ಸ್ಪೀಕರನ್ನು ಎಸೆಯಬೇಡಿ ಎಂದದ್ದೂ ಅವರೇ. ಮೈಕ್ ಸೆಟ್ ಅಂಗಡಿಗಳಿಗೆ ಕೋನ್ ಬದಲಾಯಿಸಿಕೊಡುವವರು ಇನ್ನೂ ಇದ್ದಾರೆ. ಹಳೆಯ ಚೌಕಟ್ಟು, ಹಳೆಯ ಅಯಸ್ಕಾಂತ ಹಾಗೆಯೇ ಇಟ್ಟುಕೊಂಡು ಹೊಸ ಕಾಗದ, ಎಂಟು ಓಮಿನ ಹೊಸ ಸುರುಳಿ ಹಾಕಿಸಿದೆ. ರೇಡಿಯೋ ಈಗ ತನ್ನದೇ ಸ್ಪೀಕರಿನಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯನ್ನು ಹಾಡುತ್ತದೆ. ಆ ಧ್ವನಿಗೆ ಮಂದ್ರವೂ ಇಲ್ಲ, ತಾರವೂ ಇಲ್ಲ. ವಾರ್ತೆ ಕೇಳುವುದಕ್ಕೆ ಅದಕ್ಕಿಂತ ಸ್ಪಷ್ಟವಾದದ್ದು ಬೇಕಾಗಿಯೂ ಇಲ್ಲ.

ಆದರೆ ನನಗೆ ಮೊಬೈಲಿನಲ್ಲಿರುವ ಹಾಡುಗಳೂ ಬೇಕಿದ್ದವು. ಇಂಥ ಕಡೆ ಹಲವರು ಮಾಡುವುದು ಡ್ಯಾಶ್‌ಬೋರ್ಡ್ ಕೊರೆದು ಹೊಸ ಸ್ಟೀರಿಯೋ ಕೂರಿಸುವುದು, ಬಾಗಿಲಿನ ಪ್ಯಾನೆಲ್ ಕತ್ತರಿಸಿ ಸ್ಪೀಕರ್ ಇಡುವುದು. ಬಣ್ಣ ಮತ್ತೆ ಹೊಡೆಸಬಹುದು, ರೆಕ್ಸಿನ್ ಮತ್ತೆ ಹೊಲಿಸಬಹುದು, ಕತ್ತರಿಸಿದ ತಗಡು ಮಾತ್ರ ಹಾಗೆಯೇ ಉಳಿಯುತ್ತದೆ. ಅರ್ಧ ದಿನದಲ್ಲಿ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಲು ಆಗಬೇಕು ಎಂಬ ಒಂದೇ ಷರತ್ತು ಹಾಕಿಕೊಂಡೆ.

ಹಿಂದಿನ ಗಾಜಿನ ಕೆಳಗಿರುವ ಹಲಗೆಯನ್ನು ಇಡಿಯಾಗಿ ಹೊರತೆಗೆದು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅದರ ಅಳತೆಗೇ 9 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಇನ್ನೊಂದು ಹಲಗೆ ಕೊಯ್ಯಿಸಿ, ಅದರಲ್ಲಿ ಎರಡು ವೃತ್ತ ಕೊರೆಯಿಸಿ, ಆರು ಇಂಚಿನ ಎರಡು ಸ್ಪೀಕರುಗಳನ್ನು ಕೆಳಗಿನಿಂದ ಕೂರಿಸಿದೆ. ಮೇಲೆ ಹಳೆಯ ರೆಕ್ಸಿನ್ನಿನ ಬಣ್ಣಕ್ಕೆ ಹೊಂದುವ ತೆಳು ಬಟ್ಟೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಗಾಳಿ ಸಲೀಸಾಗಿ ಹೋದರೆ ಧ್ವನಿಯೂ ಹೋಗುತ್ತದೆ.

ದುಬಾರಿ ಸ್ಪೀಕರಿಗಿಂತ ಅದು ಕೂರುವ ಜಾಗ ಮುಖ್ಯ ಎಂಬುದು ನನಗೆ ತಿಳಿದದ್ದು ಅಡುಗೆಮನೆಯ ಮೇಜಿನ ಮೇಲೆ. ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಮೃದಂಗದ ಎಡಭಾಗ ಕೇಳಿಸುವುದೇ ಇಲ್ಲ. ಅದನ್ನೇ ತೂತು ಕೊರೆದ ರಟ್ಟಿನ ಪೆಟ್ಟಿಗೆಯ ಮೇಲೆ ಬೋರಲು ಇಟ್ಟ ಕೂಡಲೇ 'ಧೋಂ' ಹುಟ್ಟಿತು. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದೆ ಗಾಳಿ ಎಳೆಯುತ್ತದೆ. ಎರಡೂ ಅಂಚಿನಲ್ಲಿ ಸುತ್ತಿ ಬಂದು ಕೂಡಿಕೊಂಡರೆ ಒಂದನ್ನೊಂದು ನುಂಗಿಬಿಡುತ್ತವೆ. ಹಾಗಾಗಿ ಹಲಗೆಯ ಸುತ್ತಲೂ, ಹಿಂದಿನ ಸೀಟಿನ ಬೆನ್ನಿಗೂ ಡಿಕ್ಕಿಗೂ ನಡುವಿನ ಸಂದಿಗಳಲ್ಲೂ ಫೆಲ್ಟ್ ಪಟ್ಟಿ ತುರುಕಿದೆ. ಇಡೀ ಡಿಕ್ಕಿಯೇ ಸ್ಪೀಕರಿನ ಪೆಟ್ಟಿಗೆಯಾಯಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಆ ಫೆಲ್ಟ್. ಅತಿ ಹೆಚ್ಚು ಫಲ ಕೊಟ್ಟದ್ದೂ ಅದೇ.

ಎರಡು ಸ್ಪೀಕರುಗಳಲ್ಲಿ ಒಂದರ ಪ್ಲಸ್ಸು ಮೈನಸ್ಸು ಅದಲುಬದಲಾದರೂ ಇದೇ ಕಥೆ. ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್.

ಸ್ಪೀಕರ್ ಆರಿಸುವಾಗ ಪೆಟ್ಟಿಗೆಯ ಮೇಲಿನ ವ್ಯಾಟ್ ಅಂಕಿ ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಎಂಬ ಅಳತೆ. ಮೂರು ಡೆಸಿಬಲ್ ಹೆಚ್ಚಿದ್ದರೆ ಅರ್ಧ ಪವರಿನಲ್ಲೇ ಅಷ್ಟೇ ಧ್ವನಿ ಬರುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ನಮ್ಮ ಕಾರಿನಲ್ಲಿರುವುದು ಡೈನಮೋ. ನಿಂತಲ್ಲಿ ಎಂಜಿನ್ ಮೆಲ್ಲಗೆ ಓಡುವಾಗ ಅದು ಹೆಚ್ಚೇನೂ ಚಾರ್ಜ್ ಮಾಡುವುದಿಲ್ಲ. 45 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬೇ ಸುಮಾರು ನಾಲ್ಕು ಆಂಪಿಯರ್ ಕುಡಿಯುತ್ತದೆ. ಆದ್ದರಿಂದ ಬ್ಲೂಟೂತ್ ಇರುವ, ಕರೆಂಟ್ ಹೆಚ್ಚು ವ್ಯರ್ಥ ಮಾಡದ 'ಡಿ ಕ್ಲಾಸ್' ಬಗೆಯ ಪುಟ್ಟ ಆಂಪ್ಲಿಫೈಯರ್ ಸಾಕೆಂದುಕೊಂಡೆ. ಸಾಮಾನ್ಯವಾಗಿ ಕೇಳುವ ಧ್ವನಿಗೆ ಅದು ಒಂದು ಆಂಪಿಯರನ್ನೂ ದಾಟುವುದಿಲ್ಲ. ಅದನ್ನು ತಗಡಿನ ಡಬ್ಬಿಯಲ್ಲಿಟ್ಟು ಡಿಕ್ಕಿಯಲ್ಲಿ ಕಟ್ಟಿದೆ. ಮುಂದೆ ಇಡಬಾರದು: ಅದರೊಳಗಿನ ಸ್ವಿಚಿಂಗ್, ಅಂದರೆ ಕರೆಂಟ್ ಅತಿ ವೇಗವಾಗಿ ಆನ್-ಆಫ್ ಆಗುವುದು, ಮೀಡಿಯಂ ವೇವ್‌ನಲ್ಲಿ ಬುಸ್ ಎಂದು ಸದ್ದು ಎಬ್ಬಿಸುತ್ತದೆ. ರೇಡಿಯೋ ಕೇಳುವಾಗ ಆಂಪ್ಲಿಫೈಯರನ್ನು ಆಫ್ ಮಾಡಲು ಸೀಟಿನ ಚೌಕಟ್ಟಿಗೆ ಒಂದು ಸ್ವಿಚ್ ಕಟ್ಟಿದ್ದೇನೆ. ತಂತಿ ನೇರ ಬ್ಯಾಟರಿಯಿಂದ, ಬ್ಯಾಟರಿಯ ಪಕ್ಕದಲ್ಲೇ ಐದು ಆಂಪಿಯರ್ ಫ್ಯೂಸ್, ಮೊದಲೇ ಇದ್ದ ರಬ್ಬರ್ ಬುಷ್ ಮೂಲಕ ಒಳಕ್ಕೆ. ನಲವತ್ತು ವರ್ಷದ ಹಳೆಯ ವೈರಿಂಗಿನ ಹೆಗಲಿಗೆ ಹೊಸ ಹೊರೆ ಹೊರಿಸಲು ಧೈರ್ಯ ಬರಲಿಲ್ಲ.

ಎಲ್ಲ ಮುಗಿಸಿ ಎಂಜಿನ್ ಚಾಲೂ ಮಾಡಿದರೆ ಹಾಡಿನ ಹಿಂದೆ 'ಕುಂಯ್ಯ್' ಎಂಬ ರಾಗ, ಆಕ್ಸಿಲರೇಟರ್ ಒತ್ತಿದಂತೆ ಏರುವ ರಾಗ. ಡೈನಮೋದ ಸದ್ದು. ನಮ್ಮ ಆಟೊ ಎಲೆಕ್ಟ್ರೀಷಿಯನ್ ಒಂದು ಮೈಕ್ರೋಫ್ಯಾರಡಿನ ಕಂಡೆನ್ಸರ್ ತಂದು ಡೈನಮೋದ 'ಡಿ' ಟರ್ಮಿನಲ್ಲಿಗೆ ಹಾಕಿದ. ಪಕ್ಕದ 'ಎಫ್' ಟರ್ಮಿನಲ್ಲಿಗೆ ಅಪ್ಪಿತಪ್ಪಿಯೂ ಹಾಕಬೇಡಿ, ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹಾಳಾಗುತ್ತದೆ. ಮುಕ್ಕಾಲು ಸದ್ದು ಹೋಯಿತು. ಆಂಪ್ಲಿಫೈಯರಿನ ಅರ್ತ್ ಹಿಡಿದಿದ್ದ ಜಾಗದ ಬಣ್ಣ ಕೆರೆದು ಬಿಗಿ ಮಾಡಿದ ಮೇಲೆ ಉಳಿದದ್ದೂ ಹೋಯಿತು.

ಗಂಟೆಗೆ 60 ಕಿಲೋಮೀಟರ್ ದಾಟಿದರೆ ಗಾಳಿ, ಗೇರು, ಕಿಟಕಿಗಳದೇ ಕಚೇರಿ. ಆಗ ಯಾವ ಸ್ಪೀಕರಿದ್ದರೂ ಒಂದೇ. ಚಾಮುಂಡಿ ಬೆಟ್ಟದ ಕಡೆ ನಿಧಾನವಾಗಿ ಹೋಗುವಾಗ ಮಾತ್ರ ಹಾಕಿದ್ದು ಸಾರ್ಥಕ ಅನ್ನಿಸುತ್ತದೆ. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಿ, "ಡಿಕ್ಕಿಯಲ್ಲಿ ಏನೋ ಅಲ್ಲಾಡುತ್ತಿದೆ ನೋಡೋ" ಎಂದರು. ನಿಜವೇ. ತಂಬೂರಿಯ ಒಂದು ಸ್ವರಕ್ಕೆ ಸರಿಯಾಗಿ ಜ್ಯಾಕ್ ನಡುಗುತ್ತಿತ್ತು. ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದೇನೆ.