ಕೋತಿಗಳ ಹೆರಿಗೆ ಕಷ್ಟವಾದಾಗ: ಒಬ್ಬ ಪಶುವೈದ್ಯನ ಅನುಭವ

ರೀಸಸ್ ಕೋತಿಯ ಗರ್ಭಾವಧಿ ಸುಮಾರು 165 ದಿನ. ಬಹುಪಾಲು ಹೆರಿಗೆಗಳು ರಾತ್ರಿಯಲ್ಲೇ ಮುಗಿದು, ಬೆಳಿಗ್ಗೆ ನಾವು ಆವರಣದ ಬಳಿ ಹೋಗುವ ಹೊತ್ತಿಗೆ ಮರಿ ತಾಯಿಯ ಎದೆಗೆ ಅವುಚಿಕೊಂಡಿರುತ್ತದೆ. ಸುಸೂತ್ರವಾದ ಹೆರಿಗೆ ನನ್ನ ಕಣ್ಣಿಗೆ ಬೀಳುವುದೇ ಅಪರೂಪ. ಹೀಗಾಗಿ ಹಗಲು ಏರಿದ ಮೇಲೂ ಬೇನೆ ತಿನ್ನುತ್ತ, ಮತ್ತೆ ಮತ್ತೆ ಯೋನಿದ್ವಾರವನ್ನು ಮುಟ್ಟಿ ಬೆರಳು ಮೂಸುತ್ತಿರುವ ಕೋತಿಯನ್ನು ಕಂಡರೆ, ಬೇರೆ ಲಕ್ಷಣಗಳಿಗಾಗಿ ಕಾಯದೆ ಅದನ್ನು ತುರ್ತು ಪ್ರಕರಣವೆಂದೇ ಎಣಿಸುತ್ತೇನೆ. ಕೋತಿ ತನ್ನ ನೋವನ್ನು ಮರೆಮಾಚುವ ಪ್ರಾಣಿ; ಗುಂಪಿನ ಎದುರು ಅದು ಸೋತು ಕುಳಿತಿದೆಯೆಂದರೆ ಆಗಲೇ ತಡವಾಗಿರುತ್ತದೆ.

ಆ ತುರ್ತಿನಲ್ಲಿ ಸರಿಯಾದ ನಿರ್ಧಾರ ತೆಗೆದುಕೊಳ್ಳಲು ಬೇಕಾದ ಮಾಹಿತಿಯೆಲ್ಲ ಗರ್ಭಾವಧಿಯಲ್ಲೇ ಕೈಸೇರಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟದ ತಿನಿಸು ಕೊಟ್ಟು, ಜಾಲರಿಗೆ ಹೊಟ್ಟೆಯೊತ್ತಿ ನಿಲ್ಲುವುದನ್ನು ರೂಢಿ ಮಾಡಿಸಿದರೆ, ಅರಿವಳಿಕೆಯಿಲ್ಲದೆ ಸ್ಕ್ಯಾನ್ ಮಾಡಬಹುದು. ಇದಕ್ಕೆ ತಾಳ್ಮೆ ಬೇಕು, ಆದರೆ ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಭ್ರೂಣದ ತಲೆಯ ಅಳತೆಯಿಂದ ದಿನ ತುಂಬುವುದು ಯಾವಾಗ ಎಂಬುದರ ಅಂದಾಜು ಸಿಗುತ್ತದೆ, ಹೃದಯ ಬಡಿತವೂ ಕಾಣುತ್ತದೆ. ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದನ್ನೂ ನಾನು ತಪ್ಪದೆ ನೋಡುತ್ತೇನೆ. ರೀಸಸ್ ಕೋತಿಗಳಲ್ಲಿ ಸಾಮಾನ್ಯವಾಗಿ ಮಾಸು ಎರಡು ತಟ್ಟೆಗಳಾಗಿ ಗರ್ಭಕೋಶದ ಮುಂದಿನ ಹಾಗೂ ಹಿಂದಿನ ಗೋಡೆಗಳಿಗೆ ಅಂಟಿರುತ್ತದೆ, ನಡುವೆ ರಕ್ತನಾಳಗಳು ಅವನ್ನು ಜೋಡಿಸುತ್ತವೆ. ಆದ್ದರಿಂದ ಒಂದು ತಟ್ಟೆ ಸರಿಯಾದ ಜಾಗದಲ್ಲಿ ಕಂಡಿತೆಂದು ಸ್ಕ್ಯಾನ್ ನಿಲ್ಲಿಸುವಂತಿಲ್ಲ. ಇನ್ನೊಂದು ಗರ್ಭಕಂಠದ ಬಾಯಿಗೆ ಅಡ್ಡವಾಗಿರಬಹುದು.

ರಕ್ತಸ್ರಾವದ ವಿಚಾರದಲ್ಲಿಯೂ ಎಚ್ಚರ ಬೇಕು. ಗರ್ಭ ಕಟ್ಟಿದ ಮೂರನೆಯ ವಾರದ ಆಸುಪಾಸಿನಲ್ಲಿ ರೀಸಸ್ ಕೋತಿಗಳಲ್ಲಿ ತುಸು ರಕ್ತ ಕಾಣಿಸುವುದು ಸಹಜ, ಅದನ್ನು ಮುಟ್ಟೆಂದು ಬರೆದುಕೊಂಡರೆ ದಿನಗಳ ಲೆಕ್ಕವೇ ತಪ್ಪುತ್ತದೆ. ಅದೇ ರಕ್ತ ಕೊನೆಯ ತಿಂಗಳುಗಳಲ್ಲಿ ಕಾಣಿಸಿದರೆ ಮಾಸು ಕೆಳಗಿದೆ ಅಥವಾ ಹೆರಿಗೆಗೆ ಮುನ್ನವೇ ಗೋಡೆಯಿಂದ ಕಳಚಿಕೊಳ್ಳುತ್ತಿದೆ ಎಂಬ ಶಂಕೆಯಿಂದ ಕೂಡಲೇ ಸ್ಕ್ಯಾನ್ ಮಾಡುತ್ತೇನೆ.

ಕೊನೆಯ ವಾರಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ದಪ್ಪಗಿರುವ ಕೋತಿಗಳು. ಬೊಜ್ಜು ಬೆಳೆದ ಗರ್ಭಿಣಿ ಆಹಾರ ಬಿಟ್ಟಿತೆಂದರೆ ದೇಹದ ಕೊಬ್ಬು ವೇಗವಾಗಿ ಕರಗಿ, ಯಕೃತ್ತಿನಲ್ಲಿ ತುಂಬಿಕೊಂಡು, ರಕ್ತದಲ್ಲಿ ಕೀಟೋನ್‌ಗಳು, ಅಂದರೆ ಕೊಬ್ಬು ಕರಗಿದಾಗ ಹುಟ್ಟುವ ಆಮ್ಲೀಯ ವಸ್ತುಗಳು, ಏರುತ್ತವೆ. ಮೇಲುನೋಟಕ್ಕೆ ಬರೀ ಮಂಕಾಗಿರುವ ಪ್ರಾಣಿ ಬೇಗನೆ ಸಾವಿನ ಅಂಚಿಗೆ ತಲುಪುತ್ತದೆ. ಹಾಗಾಗಿ ಗರ್ಭಿಣಿ ಎಷ್ಟು ತಿಂದಿತು ಎಂಬುದನ್ನು ಗುಂಪಿನ ಲೆಕ್ಕದಲ್ಲಿ ಬರೆಯದೆ ಪ್ರತ್ಯೇಕವಾಗಿ ಬರೆದಿಡುವಂತೆ ಪಾಲಕರಿಗೆ ಹೇಳುತ್ತೇನೆ. ಒಂದು ಹೊತ್ತಿನ ಆಹಾರ ಹಾಗೇ ಉಳಿದರೂ ಮೂತ್ರದಲ್ಲಿ ಕೀಟೋನ್ ಪರೀಕ್ಷೆ ಮಾಡುತ್ತೇವೆ.

ಹೆರಿಗೆಯೇ ಕಷ್ಟವಾಗುವುದಕ್ಕೆ ಶರೀರ ರಚನೆಯ ಕಾರಣವೂ ಉಂಟು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ ತಾಯಿಯ ಸೊಂಟದ ಮೂಳೆಗಳ ನಡುವಿನ ದಾರಿ ಮರಿಯ ತಲೆಗಿಂತ ಸಾಕಷ್ಟು ವಿಶಾಲವಾಗಿರುತ್ತದೆ. ಅಳಿಲು ಕೋತಿಯಲ್ಲಿ ಮರಿಯ ತಲೆ ಆ ದಾರಿಗೆ ಹೋಲಿಸಿದರೆ ಬಹಳ ದೊಡ್ಡದು, ಸತ್ತು ಹುಟ್ಟುವ ಮರಿಗಳೂ ಹೆಚ್ಚು. ರೀಸಸ್ ಕೋತಿಯಲ್ಲಿಯೂ ದಾರಿ ಬಿಗಿಯೇ. ಮರಿ ಸಾಮಾನ್ಯವಾಗಿ ತಾಯಿಯ ಕಡೆಗೆ ಮುಖ ಮಾಡಿ ಹೊರಬರುವುದರಿಂದ, ತಾಯಿ ತನ್ನದೇ ಕೈಯಿಂದ ಅದನ್ನು ಹಿಡಿದು ಎದೆಗೆಳೆದುಕೊಳ್ಳಬಲ್ಲಳು. ಪೃಷ್ಠ ಮುಂದಾಗಿ ಬಂದಾಗ ದೇಹ ಹೊರಬಂದು ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ, ಹೊಕ್ಕುಳಬಳ್ಳಿ ಒತ್ತಿಹೋಗುತ್ತದೆ. ದಿನ ತುಂಬಿದ ಮೇಲೂ ಮರಿ ತಿರುಗಿಲ್ಲವೆಂದು ಸ್ಕ್ಯಾನ್‌ನಲ್ಲಿ ಕಂಡರೆ ನಾನು ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಸಿದ್ಧವಾಗಿಟ್ಟುಕೊಂಡೇ ಇರುತ್ತೇನೆ.

ಅಂಥ ಒಂದು ರೀಸಸ್ ತಾಯಿಗೆ ಮಾಡಿದ ಸಿಸೇರಿಯನ್ ನನ್ನ ಈಗಿನ ಕ್ರಮಕ್ಕೆ ಅಡಿಪಾಯವಾಯಿತು. ಕೆಟಮಿನ್ ಚುಚ್ಚುಮದ್ದಿನಿಂದ ಅದನ್ನು ಮಲಗಿಸಿ, ಐಸೋಫ್ಲುರೇನ್ ಅನಿಲವನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟಕ್ಕೆ ಇಳಿಸಿದೆವು, ಏಕೆಂದರೆ ಎರಡೂ ಮಾಸನ್ನು ದಾಟಿ ಮರಿಯನ್ನು ಮಂಪರುಗೊಳಿಸುತ್ತವೆ. ತುಂಬು ಗರ್ಭದ ಭಾರ ಹೊಟ್ಟೆಯ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ, ಬಲ ಮಗ್ಗುಲಿಗೆ ಮಡಿಸಿದ ಬಟ್ಟೆಯಿಟ್ಟು ಅದರ ದೇಹವನ್ನು ತುಸು ಎಡಕ್ಕೆ ವಾಲಿಸಿದೆವು. ಹೊರತೆಗೆದಾಗ ಮರಿ ಅಲುಗಾಡಲಿಲ್ಲ. ಸಹೋದ್ಯೋಗಿ ಮೂಗು ಬಾಯಿಗಳನ್ನು ಒರೆಸಿ, ಬೆಚ್ಚಗಿನ ಬಟ್ಟೆಯಿಂದ ಬೆನ್ನುಜ್ಜಿ, ಆಮ್ಲಜನಕ ಕೊಟ್ಟ ಮೇಲೆ ಮೊದಲು ಬಿಗಿದದ್ದು ಅದರ ಬೆರಳುಗಳು: ಅರ್ಧ ಕಿಲೋವೂ ತೂಗದ ಆ ಮರಿ ಬಟ್ಟೆಯ ಅಂಚನ್ನು ಹಿಡಿದುಕೊಂಡಿತು, ಆಮೇಲೆ ಕೂಗಿತು. ಚರ್ಮಕ್ಕೆ ಹೊರಗಿನಿಂದ ಕಾಣದ ಒಳಹೊಲಿಗೆ ಹಾಕಿದೆ. ಕಂಡ ಹೊಲಿಗೆಯನ್ನು ಕೋತಿಯ ಬೆರಳುಗಳು ಕೀಳದೆ ಬಿಡುವುದಿಲ್ಲ. ರೀಸಸ್ ಸೇರಿದಂತೆ ಮಕಾಕ್ ಗುಂಪಿನ ಕೋತಿಗಳು ಲಕ್ಷಣವಿಲ್ಲದೆಯೂ ಹರ್ಪಿಸ್ ಬಿ ವೈರಸ್ ಹೊರಹಾಕಬಲ್ಲವು, ಮನುಷ್ಯರಿಗೆ ಅದು ಮಾರಕ. ಎಷ್ಟೇ ಅವಸರವಿದ್ದರೂ ಕೈಗವಸು, ಕಣ್ಣಿನ ರಕ್ಷಣೆಯಿಲ್ಲದೆ ಯಾರೂ ಒಳಬರಬಾರದೆಂದು ನಾನು ಪಟ್ಟುಹಿಡಿಯುವುದು ಇದಕ್ಕಾಗಿಯೇ.

ಮರಿ ಬದುಕಿದ ಮೇಲೆ ತಾಯಿ ಅದನ್ನು ಒಪ್ಪಿಕೊಳ್ಳಬೇಕು. ಹೆರಿಗೆಯ ಅನುಭವವಿಲ್ಲದೆ ಎಚ್ಚರಗೊಳ್ಳುವ ತಾಯಿಗೆ, ಅದರಲ್ಲೂ ಚೊಚ್ಚಲಿನದಕ್ಕೆ, ಈ ಮರಿ ತನ್ನದೆಂದು ತಿಳಿಯುವ ದಾರಿ ಕಡಿಮೆ. ಅದಕ್ಕಾಗಿ ಮರಿಯನ್ನು ಪೂರ್ತಿ ತೊಳೆಯದೆ, ಗರ್ಭದ ನೀರಿನ ವಾಸನೆ ಉಳಿಸಿ, ತಾಯಿ ತೂರಾಡದೆ ಕೂರುವಂತಾದ ಮೇಲೆ ಅದರ ಮುಂದಿಡುತ್ತೇವೆ. ಅಂದು ತಾಯಿ ಮರಿಯ ನೆತ್ತಿಯನ್ನು ಬಹಳ ಹೊತ್ತು ಮೂಸಿ, ನೆಕ್ಕಿ, ಆಮೇಲಷ್ಟೇ ಎತ್ತಿಕೊಂಡಿತು. ಹಾಗೆ ಎತ್ತಿಕೊಳ್ಳದಿದ್ದರೆ ಬಾಟಲಿ ಹಾಲಿನಿಂದ ಸಾಕುತ್ತೇವೆ, ಆದರೆ ಗುಂಪಿನ ಕಣ್ಣಳತೆಯಲ್ಲೇ.

ಮರಿ ಸತ್ತೇ ಹುಟ್ಟಿದಾಗ ತಾಯಿ ಅದನ್ನು ದಿನಗಟ್ಟಲೆ ಹೊತ್ತು ತಿರುಗುವುದುಂಟು. ನಾನು ಕಿತ್ತುಕೊಳ್ಳಲು ಬಿಡುವುದಿಲ್ಲ. ತಾನಾಗಿ ಕೆಳಗಿಟ್ಟಾಗ ತೆಗೆದು ಮರಣೋತ್ತರ ಪರೀಕ್ಷೆ ಮಾಡುತ್ತೇನೆ. ಲಿಸ್ಟೀರಿಯಾ, ಶಿಗೆಲ್ಲಾದಂಥ ಸೋಂಕುಗಳು ಗರ್ಭ ಕಳೆಯಬಲ್ಲವು, ಕಾರಣ ಅದಾಗಿದ್ದರೆ ಉಳಿದ ಗರ್ಭಿಣಿಯರೂ ಅಪಾಯದಲ್ಲಿರುತ್ತವೆ. ತಾಯಿ ಮಾಸನ್ನು ತಿಂದುಬಿಡುವುದರಿಂದ ಅದು ಪೂರ್ತಿ ಬಿದ್ದಿದೆಯೇ ಎಂಬುದು ನೆಲ ನೋಡಿ ತಿಳಿಯುವುದಿಲ್ಲ. ಜ್ವರ, ದುರ್ವಾಸನೆಯ ಸ್ರಾವ, ಆಹಾರ ಬಿಡುವುದು ಇವುಗಳಲ್ಲಿ ಯಾವುದು ಕಂಡರೂ ಗರ್ಭಕೋಶವನ್ನು ಮತ್ತೆ ಸ್ಕ್ಯಾನ್ ಮಾಡುತ್ತೇನೆ.