ಸರ್ವರ್‌ಗೆ ನದಿ ಹೆಸರಿಟ್ಟು ಪಟ್ಟ ಪಾಡು

ಪೀಣ್ಯದ ಒಂದು ಬಿಡಿಭಾಗಗಳ ಕಂಪನಿಗೆ ಸಿಸ್ಟಮ್ ಅಡ್ಮಿನ್ ಆಗಿ ಸೇರಿದಾಗ ಅಲ್ಲಿದ್ದದ್ದು ನಾಲ್ಕೇ ಸರ್ವರ್. ಹೊಸ ಹುರುಪು. ಕಾವೇರಿ, ತುಂಗಾ, ಭದ್ರಾ, ಶರಾವತಿ ಅಂತ ಹೆಸರಿಟ್ಟೆ. ಕೇಳೋಕೆ ಚೆಂದವೇ. ಆದರೆ ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ ಅಲ್ವಾ? ಶರಾವತಿಯ ಕೊನೆಗೆ ನಾನು 'ಟಿ-ಎಚ್-ಐ' ಹಾಕಿದ್ದೆ. ಸ್ಟೋರ್ಸ್‌ನ ಹುಡುಗ 'ಎಚ್' ಬಿಟ್ಟು ಟೈಪ್ ಮಾಡಿ, "ಸರ್ವರ್ ಡೌನ್ ಆಗಿದೆ ಸಾರ್" ಅಂತ ಫೋನ್ ಮಾಡುತ್ತಿದ್ದ. ಕಾವೇರಿಗೆ 'ಕೆ'ಯೋ 'ಸಿ'ಯೋ ಅನ್ನೋ ಜಗಳ ಬೇರೆ.

ಹುಬ್ಬಳ್ಳಿ ಬ್ರಾಂಚ್ ಶುರುವಾದಾಗ ಬುದ್ಧಿವಂತನಾದೆ ಅಂದುಕೊಂಡೆ. ಅಲ್ಲಿನ ಕಂಪ್ಯೂಟರ್‌ಗಳಿಗೆ ಊರು, ವಿಭಾಗ, ನಂಬರ್: 'ಹುಬ್ಬಳ್ಳಿ-ಅಕೌಂಟ್ಸ್-01'. ಇಂಗ್ಲಿಷಿನಲ್ಲಿ ಇದು ಗೆರೆ ಸೇರಿ 20 ಅಕ್ಷರ. ವಿಂಡೋಸ್‌ನ ನೆಟ್‌ಬಯಾಸ್ ಹೆಸರಿಗೆ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಹಳೇ ಬಗೆಯ ಹೆಸರು) ಜಾಗ ಇರುವುದು 15ಕ್ಕೆ ಮಾತ್ರ. ಬಾಲ ಕತ್ತರಿಸುತ್ತೇನೆ ಅಂತ ಅದು ಎಚ್ಚರಿಸಿತ್ತು. ನಾನು ಸುಮ್ನೆ ಓಕೆ ಒತ್ತಿದೆ. 01, 02 ಎರಡರ ಬಾಲವೂ ಹೋಗಿ, ಉಳಿದದ್ದು ಒಂದೇ ಹೆಸರು. ಎರಡನೆಯದನ್ನು ಡೊಮೇನ್‌ಗೆ (ಕಂಪನಿಯ ಕಂಪ್ಯೂಟರ್, ಲಾಗಿನ್‌ಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ವ್ಯವಸ್ಥೆ) ಸೇರಿಸಿದ ತಕ್ಷಣ ಅದು ಅಲ್ಲಿದ್ದ ಮೊದಲನೆಯದರ ಅಕೌಂಟನ್ನೇ ನುಂಗಿತು. ಮರುದಿನ ಅಕೌಂಟ್ಸ್ ಮೇಡಂಗೆ ಲಾಗಿನ್ನೇ ಆಗಲಿಲ್ಲ. ಅದೂ ಸಂಬಳದ ದಿನ.

ಆಮೇಲೆ ಎಲ್ಲವನ್ನೂ ಮೊದಲಿಂದ ಮಾಡಿದೆ. ಊರಿಗೆ ವಿಮಾನ ನಿಲ್ದಾಣದ ಕೋಡ್: ಬೆಂಗಳೂರಿಗೆ ಬಿಎಲ್‌ಆರ್, ಹುಬ್ಬಳ್ಳಿಗೆ ಎಚ್‌ಬಿಎಕ್ಸ್. 2014ರಲ್ಲಿ ಎರಡೂ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಈ ಕೋಡ್ ಬದಲಾಗಲಿಲ್ಲ. ಅದೇ ನನಗೆ ಬೇಕಾಗಿದ್ದದ್ದು. ಡೆಸ್ಕ್‌ಟಾಪ್‌ಗೆ 'ಡಿ', ಲ್ಯಾಪ್‌ಟಾಪ್‌ಗೆ 'ಎಲ್', ಕೊನೆಗೆ ಮೂರಂಕಿ. 'ಎಚ್‌ಬಿಎಕ್ಸ್-ಡಿ-014', ಅಷ್ಟೇ. ನಡುವೆ ಹೈಫನ್ನೇ ಬೇಕು; ಡಿಎನ್‌ಎಸ್ (ಹೆಸರು ಕೊಟ್ಟರೆ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬಳಸುವ ಯಂತ್ರದ ಹೆಸರಿಗೆ ಅಂಡರ್‌ಸ್ಕೋರ್ ಆಗಿಬರಲ್ಲ.

ವಿಭಾಗದ ಹೆಸರನ್ನು ಕೈಬಿಟ್ಟಿದ್ದಕ್ಕೆ ಮ್ಯಾನೇಜರ್ ಗೊಣಗಿದರು, ನೋಡಿದರೆ ಯಾರದ್ದು ಅಂತ ಗೊತ್ತಾಗಲ್ಲವಲ್ಲ ಅಂತ. ಗೊತ್ತಾಗುವ ಹೆಸರೇ ಜಾಸ್ತಿ ದಾರಿ ತಪ್ಪಿಸಿದ್ದು. ಅಕೌಂಟ್ಸ್‌ನ ಹಳೇ ಪಿಸಿ ಗೇಟಿನ ಸೆಕ್ಯೂರಿಟಿ ರೂಮಿಗೆ ಹೋಗಿ ಎರಡು ವರ್ಷ 'ಅಕೌಂಟ್ಸ್' ಆಗಿಯೇ ಕೂತಿತ್ತು. ಯಾರ ಹತ್ತಿರ ಏನಿದೆ ಅನ್ನೋದು ಈಗ ಎಕ್ಸೆಲ್ ಶೀಟಿನಲ್ಲಿದೆ. ಡಬ್ಬದ ಮೇಲೂ ಅದೇ ನಂಬರಿನ ಸ್ಟಿಕ್ಕರ್. ಗುಜರಿಗೆ ಹೋದ ಯಂತ್ರದ ನಂಬರನ್ನು ಮತ್ತೊಂದಕ್ಕೆ ಕೊಡುವುದಿಲ್ಲ.

ಕಾವೇರಿ ಮಾತ್ರ ಇನ್ನೂ ಹೋಗಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರು ಆ ಹೆಸರನ್ನು ಕೋಡ್ ಒಳಗೇ ಹಾಕಿಬಿಟ್ಟಿದ್ದಾರೆ. ಹೊಸ ಸರ್ವರ್‌ಗೆ ಡಿಎನ್‌ಎಸ್‌ನಲ್ಲಿ ಕಾವೇರಿ ಅಂತ ಅಲಿಯಾಸ್, ಅಂದರೆ ಅಡ್ಡಹೆಸರು ಕೊಟ್ಟು ಕೆಲಸ ನಡೆಸಿದ್ದೇನೆ. 'ಸಿ' ಹಾಕಿದ್ದು ಒಂದು, 'ಕೆ' ಹಾಕಿದ್ದು ಇನ್ನೊಂದು.