ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕಂಟ್ರೋಲರ್ ಹಿಡಿದು ನಿಂಟೆಂಡೊ ಸ್ವಿಚ್ ಆಡುವುದು ಹೇಗೆ

ನಿಂಟೆಂಡೊ ಕಂಪನಿ ತನ್ನ ಗೇಮ್ ಕನ್ಸೋಲ್ ಆದ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದೆಲ್ಲ ಆಮದಾಗಿ ಬಂದ ಮಾಲು. ಅದಕ್ಕೆಂದು ನಿಂಟೆಂಡೊ ಮಾಡುವ ಪ್ರೊ ಕಂಟ್ರೋಲರ್ ಕೂಡ ಹಾಗೆಯೇ: ಬೆಲೆ ಜಾಸ್ತಿ, ವಾರಂಟಿ ಅನುಮಾನ. ಅದೇ ಮನೆಯಲ್ಲಿ ಪ್ಲೇಸ್ಟೇಷನ್ 4ರ (ಪಿಎಸ್4) ಡ್ಯುಯಲ್‌ಶಾಕ್ 4, ಪಿಎಸ್5ರ ಡ್ಯುಯಲ್‌ಸೆನ್ಸ್ ಅಥವಾ ಎಕ್ಸ್‌ಬಾಕ್ಸ್ ಕಂಟ್ರೋಲರ್ ಸುಮ್ಮನೆ ಬಿದ್ದಿದ್ದರೆ, ಹೆಬ್ಬೆರಳಿನಷ್ಟು ಗಾತ್ರದ ಒಂದು ಅಡಾಪ್ಟರ್ ಕೊಂಡರೆ ಸಾಕು, ಸ್ವಿಚ್ ಮೇಲೂ ಅದರಲ್ಲೇ ಆಡಬಹುದು.

ಅಡಾಪ್ಟರ್ ಯಾಕೆ ಬೇಕು ಎಂಬುದು ಮೊದಲು ಸ್ಪಷ್ಟವಾಗಲಿ. ಸ್ವಿಚ್‌ನಲ್ಲೂ ಬ್ಲೂಟೂತ್ ಇದೆ, ಡ್ಯುಯಲ್‌ಸೆನ್ಸ್‌ನಲ್ಲೂ ಬ್ಲೂಟೂತ್ ಇದೆ. ಆದರೂ ನೇರವಾಗಿ ಪೇರ್ ಮಾಡಲು, ಅಂದರೆ ಎರಡನ್ನೂ ಜೋಡಿಸಲು ಹೋದರೆ ಸ್ವಿಚ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕೇಬಲ್ ಹಾಕಿ ಡಾಕ್‌ಗೆ (ಸ್ವಿಚ್ಚನ್ನು ಟಿವಿಗೆ ಕೂಡಿಸುವ ಸ್ಟ್ಯಾಂಡ್) ಚುಚ್ಚಿದರೂ ಅಷ್ಟೇ, ಚಾರ್ಜ್ ಆಗುತ್ತದೆಯೇ ಹೊರತು ಆಟ ನಡೆಯದು. ಸ್ವಿಚ್ ಕೇಳುವುದು ನಿಂಟೆಂಡೊ ತನ್ನ ಕಂಟ್ರೋಲರ್‌ಗಳಿಗೆಂದು ಮಾಡಿಟ್ಟ ರೀತಿಯಲ್ಲಿ ಬರುವ ಮಾಹಿತಿಯನ್ನು ಮಾತ್ರ. ಅಡಾಪ್ಟರ್ ಒಂದು ಕಡೆ ನಿಮ್ಮ ಕಂಟ್ರೋಲರ್ ಜೊತೆ ಬ್ಲೂಟೂತ್‌ನಲ್ಲಿ ಮಾತಾಡಿ, ಇನ್ನೊಂದು ಕಡೆ ಯುಎಸ್‌ಬಿ ಮೂಲಕ ಸ್ವಿಚ್‌ಗೆ ‘ನಾನು ಪ್ರೊ ಕಂಟ್ರೋಲರ್’ ಎಂದು ವೇಷ ಹಾಕಿ ನಿಲ್ಲುತ್ತದೆ. ಮುಂದೆ ಬರುವ ಎಲ್ಲ ಅನುಕೂಲ, ಎಲ್ಲ ತೊಡಕು ಈ ವೇಷದಿಂದಲೇ ಹುಟ್ಟುವಂಥವು. ನಿಮ್ಮ ಕಂಟ್ರೋಲರ್, ಪ್ರೊ ಕಂಟ್ರೋಲರ್ ಎರಡರಲ್ಲೂ ಇರುವ ಸೌಲಭ್ಯ ಮಾತ್ರ ದಾಟಿ ಬರುತ್ತದೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಮಧ್ಯದಲ್ಲೇ ಬಿದ್ದುಹೋಗುತ್ತದೆ.

ಯಾವ ಅಡಾಪ್ಟರ್, ಯಾವ ಕಂಟ್ರೋಲರ್

ಹೆಚ್ಚು ಜನ ಬಳಸುವುದು ಏಟ್‌ಬಿಟ್‌ಡೂ ಕಂಪನಿಯ ಯುಎಸ್‌ಬಿ ವೈರ್‌ಲೆಸ್ ಅಡಾಪ್ಟರ್. ಇದರಲ್ಲಿ ಎರಡು ಪೀಳಿಗೆಗಳಿವೆ. ಈಗ ಕೊಳ್ಳುವವರು ಅಡಾಪ್ಟರ್ 2 ಅನ್ನೇ ತೆಗೆದುಕೊಳ್ಳಿ; ಡ್ಯುಯಲ್‌ಸೆನ್ಸ್ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ಇನ್ನೊಂದು ಆಯ್ಕೆ ಮೇಫ್ಲ್ಯಾಶ್ ಕಂಪನಿಯ ಮ್ಯಾಜಿಕ್-ಎನ್‌ಎಸ್. ಅದರ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಇರುವುದರಿಂದ ಕೇಬಲ್ ಹಾಕಿಯೂ ಆಡಬಹುದು. ಫೈಟಿಂಗ್ ಗೇಮ್‌ಗೆ ಆರ್ಕೇಡ್ ಸ್ಟಿಕ್ ಬಳಸುವವರಿಗೆ ಇದೇ ಸರಿ.

ಒಂದು ಅಡಾಪ್ಟರ್‌ಗೆ ಒಂದೇ ಕಂಟ್ರೋಲರ್. ಇಬ್ಬರು ಆಡಬೇಕಿದ್ದರೆ ಎರಡು ಅಡಾಪ್ಟರ್ ಬೇಕು.

ಎಕ್ಸ್‌ಬಾಕ್ಸ್ ಕಂಟ್ರೋಲರ್ ಇದ್ದವರು ಹಣ ಕೊಡುವ ಮೊದಲು ಒಂದು ಸಂಗತಿ ನೋಡಿಕೊಳ್ಳಬೇಕು. ಎಕ್ಸ್‌ಬಾಕ್ಸ್ ಒನ್ ಜೊತೆ ಮೊದಮೊದಲು ಬಂದ ಕಂಟ್ರೋಲರ್‌ಗಳಲ್ಲಿ, ಅಂದರೆ 1537 ಮತ್ತು 1697 ಮಾಡೆಲ್‌ಗಳಲ್ಲಿ, ಬ್ಲೂಟೂತ್ ಇಲ್ಲವೇ ಇಲ್ಲ. ಅವು ಮೈಕ್ರೋಸಾಫ್ಟ್‌ನ ಸ್ವಂತ ವೈರ್‌ಲೆಸ್ ಮಾತ್ರ ಬಳಸುತ್ತವೆ. ಎಷ್ಟು ಹೊತ್ತು ಬಟನ್ ಒತ್ತಿ ಹಿಡಿದರೂ ಪೇರ್ ಆಗುವುದಿಲ್ಲ. ಗುರುತಿಸುವುದು ಸುಲಭ: ನಡುವಿನ ಎಕ್ಸ್‌ಬಾಕ್ಸ್ ಬಟನ್ನಿನ ಸುತ್ತಲಿನ ಭಾಗ ಮುಂಭಾಗದಿಂದ ಬೇರೆಯಾಗಿ, ಮೇಲಿನ ಎಲ್‌ಬಿ-ಆರ್‌ಬಿ ಬಟನ್‌ಗಳಿಗೆ ಸೇರಿದ ಹೊಳಪು ಪ್ಲಾಸ್ಟಿಕ್ ತುಂಡಾಗಿದ್ದರೆ ಅದು ಹಳೆಯದು. 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದ 1708 ಮಾಡೆಲ್‌ನಲ್ಲಿ ಆ ಭಾಗವೂ ಮುಂಭಾಗದ ಪ್ಲಾಸ್ಟಿಕ್ಕಿನಲ್ಲೇ ಒಂದಾಗಿದೆ; ಅದರಲ್ಲಿ ಬ್ಲೂಟೂತ್ ಇದೆ. ಮಾಡೆಲ್ ನಂಬರ್ ಬ್ಯಾಟರಿ ತೆಗೆದರೆ ಒಳಗಿನ ಚೀಟಿಯ ಮೇಲೆ ಸಿಗುತ್ತದೆ.

ಡ್ಯುಯಲ್‌ಶಾಕ್ 4 ವಿಷಯದಲ್ಲಿ ಬೇರೆಯದೇ ತಲೆನೋವು: ನಕಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯಾಗಲಿ ಆನ್‌ಲೈನ್‌ನಲ್ಲಾಗಲಿ, ಅಸಲಿ ಬೆಲೆಯ ಅರ್ಧಕ್ಕೂ ಕಡಿಮೆಗೆ ‘ಒರಿಜಿನಲ್’ ಎಂದು ಕೊಡುವುದು ಹೆಚ್ಚಾಗಿ ನಕಲಿಯೇ. ಅವು ಪಿಎಸ್4ರಲ್ಲಿ ಚೆನ್ನಾಗಿ ನಡೆದರೂ ಅಡಾಪ್ಟರ್ ಜೊತೆ ಪೇರ್ ಆಗದೆ ಇರಬಹುದು, ಅಥವಾ ಪೇರ್ ಆಗಿ, ಕಂಟ್ರೋಲರ್ ವಾಲಿಸಿದ್ದನ್ನು ಗುರುತಿಸುವ ಜೈರೊ ಸೆನ್ಸರ್ ಸತ್ತಿರಬಹುದು. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಗೇಮಿಂಗ್ ಸಾಫ್ಟ್‌ವೇರ್ ಇದ್ದರೆ ಅದರ ಕಂಟ್ರೋಲರ್ ಸೆಟ್ಟಿಂಗ್ಸ್‌ಗೆ ಹೋಗಿ ಜೈರೊ ಕೆಲಸ ಮಾಡುತ್ತಿದೆಯೇ ನೋಡಿ. ಅಲ್ಲೇ ಇಲ್ಲದ್ದು ಸ್ವಿಚ್‌ನಲ್ಲಿ ಬರುವುದಿಲ್ಲ.

ಮೊದಲು ಫರ್ಮ್‌ವೇರ್

ಪೇರ್ ಆಗುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಹಳೆಯ ಫರ್ಮ್‌ವೇರ್‌ನಿಂದ (ಸಾಧನದ ಒಳಗೇ ಇರುವ ಸಾಫ್ಟ್‌ವೇರ್) ಬರುವಂಥವು. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರೂ ಆಗಾಗ ಅಪ್‌ಡೇಟ್ ಬಿಡುತ್ತಾರೆ; ಯಾವುದೋ ಒಂದರಲ್ಲಿ ಕಂಟ್ರೋಲರ್ ನಡವಳಿಕೆ ಬದಲಾಗಿ ಅಡಾಪ್ಟರ್ ಕೈಕೊಡುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗಳಿಗೂ ಬ್ಲೂಟೂತ್ ಲೋ ಎನರ್ಜಿ ಎಂಬ ಬೇರೆ ಬಗೆಯ ಬ್ಲೂಟೂತ್ ತಂದದ್ದು ಇಂಥ ಒಂದು ಬದಲಾವಣೆ. ಹಾಗಾಗಿ ಅಡಾಪ್ಟರ್ ಬಂದ ದಿನವೇ ಅಪ್‌ಡೇಟ್ ಮಾಡಿಬಿಡಿ. ಏಟ್‌ಬಿಟ್‌ಡೂ ಜಾಲತಾಣದಿಂದ ಅಪ್‌ಡೇಟ್ ಸಾಫ್ಟ್‌ವೇರ್ ಇಳಿಸಿಕೊಂಡು, ಅಡಾಪ್ಟರ್ ಮೇಲಿನ ಪೇರ್ ಬಟನ್ ಒತ್ತಿ ಹಿಡಿದುಕೊಂಡೇ ಅದನ್ನು ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚಿದರೆ ಅದು ಅಪ್‌ಡೇಟ್ ಸ್ಥಿತಿಗೆ ಹೋಗುತ್ತದೆ. ಬಟನ್ ಒತ್ತದೆ ಚುಚ್ಚಿದರೆ ಕಂಪ್ಯೂಟರ್ ಅದನ್ನು ಬರೀ ಗೇಮ್‌ಪ್ಯಾಡ್ ಎಂದುಕೊಳ್ಳುತ್ತದೆ, ಅಪ್‌ಡೇಟ್ ಸಾಫ್ಟ್‌ವೇರ್‌ಗೆ ಅದು ಕಾಣಿಸುವುದಿಲ್ಲ. ಅಪ್‌ಡೇಟ್ ನಡೆಯುವಾಗ ಕೀಳಬೇಡಿ.

ಜೋಡಿಸುವ ಕ್ರಮ

1. ಸ್ವಿಚ್‌ನ ಹೋಮ್ ಪರದೆಯಿಂದ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿಂದ ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್. ಒಳಗೆ ‘ಪ್ರೊ ಕಂಟ್ರೋಲರ್ ವೈರ್ಡ್ ಕಮ್ಯುನಿಕೇಷನ್’ ಎಂಬುದನ್ನು ಆನ್ ಮಾಡಿ. ಎಷ್ಟೋ ಜನ ಬಿಟ್ಟುಬಿಡುವುದು ಇದನ್ನೇ. ಅಡಾಪ್ಟರ್ ಸ್ವಿಚ್‌ನ ಕಣ್ಣಿಗೆ ಕೇಬಲ್ ಹಾಕಿದ ಪ್ರೊ ಕಂಟ್ರೋಲರ್; ಇದು ಆಫ್ ಇದ್ದರೆ ಅಡಾಪ್ಟರ್ ದೀಪ ಉರಿಯುತ್ತಿದ್ದರೂ ಆಟಕ್ಕೆ ಏನೂ ತಲುಪುವುದಿಲ್ಲ.

2. ಅಡಾಪ್ಟರನ್ನು ಡಾಕ್‌ನ ಪಕ್ಕದ ಎರಡು ಯುಎಸ್‌ಬಿ ಕಿಂಡಿಗಳಲ್ಲಿ ಒಂದಕ್ಕೆ ಹಾಕಿ. ಕೈಯಲ್ಲಿ ಹಿಡಿದು ಆಡುವ ಸ್ಥಿತಿಯಲ್ಲಿ ಅಥವಾ ಸ್ವಿಚ್ ಲೈಟ್ ಎಂಬ ಮಾಡೆಲ್‌ನಲ್ಲಿ ಬಳಸಬೇಕಿದ್ದರೆ ಯುಎಸ್‌ಬಿ-ಸಿ ಒಟಿಜಿ ಕನ್ವರ್ಟರ್ ಬೇಕು, ಮೊಬೈಲ್‌ಗೆ ಪೆನ್‌ಡ್ರೈವ್ ಹಾಕಲು ಬಳಸುವಂಥದ್ದು.

3. ಅಡಾಪ್ಟರ್‌ನ ಪೇರ್ ಬಟನ್ ಒತ್ತಿ. ದೀಪ ವೇಗವಾಗಿ ಮಿನುಗತೊಡಗುತ್ತದೆ.

4. ಈಗ ಕಂಟ್ರೋಲರ್. ಅದು ಆಫ್ ಆಗಿರಬೇಕು. ಡ್ಯುಯಲ್‌ಶಾಕ್ 4ರಲ್ಲಿ ಶೇರ್ ಮತ್ತು ಪಿಎಸ್ ಬಟನ್, ಡ್ಯುಯಲ್‌ಸೆನ್ಸ್‌ನಲ್ಲಿ ಕ್ರಿಯೇಟ್ ಮತ್ತು ಪಿಎಸ್ ಬಟನ್ ಒಟ್ಟಿಗೆ ಒತ್ತಿ, ಲೈಟ್ ಬೇಗ ಬೇಗ ಮಿನುಗುವವರೆಗೆ ಬಿಡಬೇಡಿ. ಶೇರ್ ಅಥವಾ ಕ್ರಿಯೇಟ್ ಬಟನ್ನನ್ನು ಮೊದಲು ಹಿಡಿದುಕೊಂಡು ಆಮೇಲೆ ಪಿಎಸ್ ಒತ್ತಿದರೆ ತಪ್ಪುವುದಿಲ್ಲ. ಪಿಎಸ್ ಮೊದಲು ಒತ್ತಿದರೆ ಪಕ್ಕದಲ್ಲಿ ರೆಸ್ಟ್ ಮೋಡ್‌ನಲ್ಲಿರುವ ಪ್ಲೇಸ್ಟೇಷನ್ ಎದ್ದು ಕೂರುತ್ತದೆ. ಎಕ್ಸ್‌ಬಾಕ್ಸ್ ಆದರೆ ಮೊದಲು ಆನ್ ಮಾಡಿ, ಮೇಲಂಚಿನ ಸಣ್ಣ ಪೇರ್ ಬಟನ್ನನ್ನು ಸುಮಾರು 3 ಸೆಕೆಂಡ್ ಒತ್ತಿ ಹಿಡಿಯಿರಿ; ಲೋಗೊ ವೇಗವಾಗಿ ಮಿನುಗಬೇಕು.

5. ಅಡಾಪ್ಟರ್ ದೀಪ ಮಿನುಗುವುದು ನಿಂತು ಒಂದೇ ಸಮ ಉರಿದರೆ ಕೂಡಿಕೊಂಡಿದೆ ಎಂದರ್ಥ. ಮುಂದಿನ ಸಲದಿಂದ ಪಿಎಸ್ ಅಥವಾ ಎಕ್ಸ್‌ಬಾಕ್ಸ್ ಬಟನ್ ಒಂದನ್ನೇ ಒತ್ತಿದರೆ ಸಾಕು.

ಡ್ಯುಯಲ್‌ಶಾಕ್ ಹಠ ಹಿಡಿದರೆ ಅದರ ಬೆನ್ನಿಗೆ, ಎಲ್2 ಬಟನ್ ಹತ್ತಿರ ಸಣ್ಣ ತೂತಿದೆ. ಡ್ಯುಯಲ್‌ಸೆನ್ಸ್‌ನಲ್ಲಿ ಅದು ಬೆನ್ನಿನ ಸೋನಿ ಗುರುತಿನ ಪಕ್ಕ ಇರುತ್ತದೆ. ಸಿಮ್ ತೆಗೆಯುವ ಪಿನ್ನಿನಿಂದ 5 ಸೆಕೆಂಡ್ ಒತ್ತಿ ರೀಸೆಟ್ ಮಾಡಿ, ಮೂರನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.

ಕೂಡಿಕೊಂಡಿದೆ, ಆದರೆ ಆಟದಲ್ಲಿ ಏನೂ ಆಗುತ್ತಿಲ್ಲ

ಏನೂ ಕೆಟ್ಟುಹೋಗಿಲ್ಲ, ಇದು ಸರದಿಯ ಸಮಸ್ಯೆ. ಮೊದಲೇ ಕೂಡಿಸಿದ ಜಾಯ್‌ಕಾನ್‌ಗಳು (ಸ್ವಿಚ್ ಜೊತೆಗೇ ಬರುವ ಸಣ್ಣ ಕಂಟ್ರೋಲರ್‌ಗಳು) ಒಂದನೇ ಆಟಗಾರನ ಜಾಗ ಹಿಡಿದಿರುತ್ತವೆ, ನಿಮ್ಮ ಡ್ಯುಯಲ್‌ಸೆನ್ಸ್ ಎರಡನೆಯವನಾಗಿ ಕೂತಿರುತ್ತದೆ. ಒಬ್ಬರೇ ಆಡುವ ಆಟಗಳು ಎರಡನೆಯವನ ಮಾತು ಕೇಳುವುದಿಲ್ಲ. ಹೋಮ್ ಪರದೆಯಲ್ಲಿ ಕಂಟ್ರೋಲರ್ಸ್, ಅದರೊಳಗೆ ‘ಚೇಂಜ್ ಗ್ರಿಪ್/ಆರ್ಡರ್’ ತೆರೆದು, ಬೇರೆ ಯಾವುದನ್ನೂ ಮುಟ್ಟದೆ ನಿಮ್ಮ ಕಂಟ್ರೋಲರ್‌ನಲ್ಲಿ ಎಲ್1 ಮತ್ತು ಆರ್1 ಒಟ್ಟಿಗೆ ಒತ್ತಿ. ಪರದೆಯ ಮೇಲೆ ಪ್ರೊ ಕಂಟ್ರೋಲರ್ ಚಿತ್ರ ಮೊದಲ ಸ್ಥಾನದಲ್ಲಿ ಮೂಡುತ್ತದೆ. ನಂತರ ಬಲಗಡೆಯ ಬಟನ್ ಒತ್ತಿ ಹೊರಬನ್ನಿ.

ಬಲಗಡೆಯದು ಎಂದು ಒತ್ತಿ ಹೇಳಲು ಕಾರಣವಿದೆ. ಅಡಾಪ್ಟರ್ ಬಟನ್‌ಗಳನ್ನು ಹೆಸರಿನಿಂದ ಹೊಂದಿಸುವುದಿಲ್ಲ, ಜಾಗದಿಂದ ಹೊಂದಿಸುತ್ತದೆ. ಸ್ವಿಚ್‌ನಲ್ಲಿ ಎ ಬಲಕ್ಕೆ, ಬಿ ಕೆಳಗೆ, ಎಕ್ಸ್ ಮೇಲೆ, ವೈ ಎಡಕ್ಕೆ. ಹಾಗಾಗಿ ಪ್ಲೇಸ್ಟೇಷನ್‌ನ ವೃತ್ತ ಎ ಆಗುತ್ತದೆ, ಕ್ರಾಸ್ ಬಿ, ತ್ರಿಕೋನ ಎಕ್ಸ್, ಚೌಕ ವೈ. ಎಲ್2, ಆರ್2 ಕ್ರಮವಾಗಿ ಜೆಡ್‌ಎಲ್, ಜೆಡ್‌ಆರ್. ಆಪ್ಷನ್ಸ್ ಎಂದರೆ ಪ್ಲಸ್. ಶೇರ್ ಅಥವಾ ಕ್ರಿಯೇಟ್ ಎಂದರೆ ಮೈನಸ್. ಪ್ಲೇಸ್ಟೇಷನ್‌ನವರಿಗೆ ಅಕ್ಷರಗಳೇ ಇಲ್ಲದ್ದರಿಂದ ಒಂದೆರಡು ದಿನದಲ್ಲಿ ಕೈ ಹೊಂದಿಕೊಳ್ಳುತ್ತದೆ. ಎಕ್ಸ್‌ಬಾಕ್ಸ್‌ನವರಿಗೆ ನಿಜವಾದ ಕಷ್ಟ: ಅಲ್ಲಿ ಎ ಕೆಳಗೆ, ಬಿ ಬಲಕ್ಕೆ, ಎಕ್ಸ್-ವೈ ಕೂಡ ಅದಲುಬದಲು. ಆಟ ‘ಎ ಒತ್ತು’ ಎಂದರೆ ನಿಮ್ಮ ಕಂಟ್ರೋಲರ್ ಮೇಲೆ ಬಿ ಎಂದು ಬರೆದಿರುವುದನ್ನು ಒತ್ತಬೇಕು. 2020ರ ಏಪ್ರಿಲ್‌ನಲ್ಲಿ ಬಂದ 10.0.0 ಆವೃತ್ತಿಯಿಂದ ಸ್ವಿಚ್‌ನಲ್ಲೇ ‘ಚೇಂಜ್ ಬಟನ್ ಮ್ಯಾಪಿಂಗ್’ ಇದೆ. ಅಡಾಪ್ಟರ್ ಪ್ರೊ ಕಂಟ್ರೋಲರ್ ಎಂದೇ ಕಾಣುವುದರಿಂದ ಸಾಮಾನ್ಯವಾಗಿ ಅಲ್ಲಿ ಬದಲಾಯಿಸಬಹುದು. ಆದರೂ ಜಾಗಕ್ಕೇ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಅಕ್ಷರಕ್ಕೆ ತಕ್ಕಂತೆ ಬದಲಾಯಿಸಿದರೆ ಓಡುವುದು, ಹಾರುವುದು ಹೆಬ್ಬೆರಳಿಗೆ ಸಿಗದ ಜಾಗಕ್ಕೆ ಹೋಗಿ, ಆಟ ಮಾಡಿದವರು ಬಟನ್ ಇಟ್ಟ ಲೆಕ್ಕಾಚಾರವೇ ಕೆಡುತ್ತದೆ.

ಏನು ಸಿಗುವುದಿಲ್ಲ

ಆರ್2 ಅರ್ಧ ಒತ್ತಿದರೆ ಅರ್ಧ ವೇಗ ಎಂಬುದು ಇಲ್ಲಿ ಇಲ್ಲ. ಸ್ವಿಚ್‌ನ ಜೆಡ್‌ಆರ್ ಬರೀ ಆನ್-ಆಫ್ ಬಟನ್. ಡ್ಯುಯಲ್‌ಸೆನ್ಸ್‌ನ ಬಿಗಿಯಾಗುವ ಟ್ರಿಗರ್, ಕಂಟ್ರೋಲರ್‌ನ ಸ್ಪೀಕರ್, ಹೆಡ್‌ಫೋನ್ ಜ್ಯಾಕ್ ಯಾವುದೂ ಕೆಲಸ ಮಾಡದು. ಹೆಡ್‌ಫೋನ್ ಬೇಕಿದ್ದರೆ ಸ್ವಿಚ್‌ಗೇ ಹಾಕಿ, ಅಥವಾ 2021ರ 13.0.0 ಅಪ್‌ಡೇಟ್‌ನಿಂದ ಬಂದ ಬ್ಲೂಟೂತ್ ಆಡಿಯೊ ಬಳಸಿ. ನಿಂಟೆಂಡೊದ ಅಮೀಬೊ ಗೊಂಬೆಗಳನ್ನು ಓದುವ ಎನ್‌ಎಫ್‌ಸಿ ಚಿಪ್ ನಿಮ್ಮ ಕಂಟ್ರೋಲರ್‌ನಲ್ಲಿ ಇಲ್ಲ. ಅದಕ್ಕೆ ಬಲಗೈ ಜಾಯ್‌ಕಾನ್ ಹತ್ತಿರ ಇಟ್ಟುಕೊಳ್ಳಿ. ಕಂಪನ ಬರುತ್ತದೆ, ಆದರೆ ನಿಂಟೆಂಡೊ ಕಂಟ್ರೋಲರ್‌ಗಳ ಎಚ್‌ಡಿ ರಂಬಲ್ ಕಂಪನದ ನಯ ಇರುವುದಿಲ್ಲ. ಒರಟು ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಮಲಗಿದ ಸ್ವಿಚ್ಚನ್ನು ಈ ಕಂಟ್ರೋಲರ್‌ನಿಂದ ಎಬ್ಬಿಸಲಾಗದು. ಎದ್ದು ಹೋಗಿ ಕನ್ಸೋಲ್‌ನ ಪವರ್ ಬಟನ್ ಒತ್ತಿ, ಆಮೇಲೆ ಪಿಎಸ್ ಬಟನ್ ಒತ್ತಬೇಕು.

ಜೈರೊ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಯಾವ ಕಂಟ್ರೋಲರ್ ಆರಿಸಬೇಕೆಂದು ನಿಜವಾಗಿ ತೀರ್ಮಾನಿಸುವುದು ಅದೇ. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್ ಎರಡರಲ್ಲೂ ಜೈರೊ ಇದೆ, ಪ್ರೊ ಕಂಟ್ರೋಲರ್‌ನಲ್ಲೂ ಇದೆ. ಹಾಗಾಗಿ ಏಟ್‌ಬಿಟ್‌ಡೂ ಅಡಾಪ್ಟರ್ ಅದನ್ನು ದಾಟಿಸುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಜೈರೊ ಎಂಬುದೇ ಇಲ್ಲ. ಸ್ಪ್ಲಟೂನ್ ಎಂಬ ಶೂಟಿಂಗ್ ಆಟದಲ್ಲಿ ಕಂಟ್ರೋಲರ್ ವಾಲಿಸಿ ಗುರಿ ಹಿಡಿಯುವವರೆದುರು ಬರೀ ಸ್ಟಿಕ್ ಹಿಡಿದು ನಿಂತರೆ ಸೋಲು ಬೇಗ ಬರುತ್ತದೆ. ಬ್ರೆತ್ ಆಫ್ ದ ವೈಲ್ಡ್ ಆಟದ ಮ್ಯಾಮ್ ಅಗಾನಾ ಗುಡಿಯಲ್ಲಂತೂ ಕಂಟ್ರೋಲರ್ ಅನ್ನೇ ಓರೆ ಮಾಡಿ ಚೆಂಡನ್ನು ಚಕ್ರವ್ಯೂಹದಿಂದ ಹೊರಗೆ ಉರುಳಿಸಬೇಕು; ಎಕ್ಸ್‌ಬಾಕ್ಸ್ ಹಿಡಿದವರು ಅಲ್ಲಿ ಜಾಯ್‌ಕಾನ್ ಎತ್ತಿಕೊಳ್ಳದೆ ವಿಧಿಯಿಲ್ಲ. ಎರಡೂ ಮನೆಯಲ್ಲಿದ್ದರೆ ಎಕ್ಸ್‌ಬಾಕ್ಸ್ ಬಿಟ್ಟು ಪ್ಲೇಸ್ಟೇಷನ್‌ದನ್ನೇ ಸ್ವಿಚ್‌ಗೆ ಕೊಡಿ.

ತಡ, ಕಡಿತ

ಗುಂಡಿ ಒತ್ತಿದ್ದು ತಡವಾಗಿ ಕಂಡರೆ ಮೊದಲು ಅಡಾಪ್ಟರನ್ನು ಬೈಯಬೇಡಿ, ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯೇ ನೋಡಿ. ಹೆಚ್ಚಿನ ತಡ ಅಲ್ಲಿಯದೇ. ಆದರೆ ಒತ್ತಿದ್ದು ಆಗಾಗ ಮಾಯವಾಗುವುದು, ಪಾತ್ರ ತಾನಾಗಿ ಒಂದೇ ದಿಕ್ಕಿಗೆ ಓಡುವುದು, ಮಧ್ಯೆ ಸಂಪರ್ಕ ಕಡಿಯುವುದು ಇವೆಲ್ಲ ರೇಡಿಯೊ ಅಡಚಣೆಯ ಲಕ್ಷಣ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ, ಮನೆಯ ವೈಫೈ ಕೂಡ ಅಲ್ಲೇ ಇರಬಹುದು, ಯುಎಸ್‌ಬಿ 3.0 ಸಾಧನ, ಕೇಬಲ್‌ಗಳು ಸೂಸುವ ಗದ್ದಲವೂ ಅಲ್ಲೇ. ಮೊದಲ ಸ್ವಿಚ್‌ನ ಡಾಕ್ ಹಿಂಬಾಗಿಲಿನ ಒಳಗಿನ ಕಿಂಡಿಗೆ ಅಡಾಪ್ಟರ್ ಹಾಕಿದರೆ ಅದು ಎಚ್‌ಡಿಎಂಐ ಕೇಬಲ್ ಪಕ್ಕದಲ್ಲಿ, ಟಿವಿಯ ಹಿಂದೆ ಅಡಗಿ ಕೂರುತ್ತದೆ. ಅಲ್ಲಿಂದ ತೆಗೆದು ಪಕ್ಕದ ಕಿಂಡಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಅಡಾಪ್ಟರನ್ನು ಟಿವಿಯ ಮುಂದೆ, ಕಂಟ್ರೋಲರ್‌ಗೆ ನೇರ ಕಾಣುವಂತೆ ಇಡಿ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಗ್ಯಾರಂಟಿಯಾದ ಪರಿಹಾರ ಇಲ್ಲ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಇನ್ನೂ ಒಳ್ಳೆಯದು. ಬ್ಯಾಟರಿ ಇಳಿದಾಗಲೂ ಹೀಗೇ ಆಗುತ್ತದೆ. ಡ್ಯುಯಲ್‌ಶಾಕ್ 4ರದ್ದು 1000 ಎಂಎಎಚ್ ಮಾತ್ರ, ವರ್ಷಗಳು ಕಳೆದರೆ ಅದೂ ಸವೆದಿರುತ್ತದೆ.

2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಇದ್ದವರು ಅಡಾಪ್ಟರ್ ಕೊಳ್ಳುವ ಮೊದಲು ಆ ಮಾಡೆಲ್‌ನ ಫರ್ಮ್‌ವೇರ್ ಟಿಪ್ಪಣಿಯಲ್ಲಿ ಸ್ವಿಚ್ 2 ಹೆಸರು ಇದೆಯೇ ಎಂದು ಓದಿ.

ಹಾಗಾದರೆ ಇದೇ ಅಡಾಪ್ಟರ್ ಹಾಕಿ ಎಕ್ಸ್‌ಬಾಕ್ಸ್ ಮೇಲೂ ಡ್ಯುಯಲ್‌ಸೆನ್ಸ್ ಆಡಬಹುದೇ? ಇಲ್ಲ. ಎಕ್ಸ್‌ಬಾಕ್ಸ್ ಕನ್ಸೋಲ್ ಬ್ಲೂಟೂತ್ ಕಂಟ್ರೋಲರ್ ತೆಗೆದುಕೊಳ್ಳುವುದಿಲ್ಲ, ಮೇಲಾಗಿ ಪರವಾನಗಿ ಇಲ್ಲದ ಸಾಧನಗಳನ್ನು ಮೈಕ್ರೋಸಾಫ್ಟ್ 2023ರ ನವೆಂಬರ್‌ನಿಂದ ತಡೆಯತೊಡಗಿದೆ. ಪಿಎಸ್5 ಕೂಡ ತನ್ನ ಪಿಎಸ್5 ಆಟಗಳಿಗೆ ಡ್ಯುಯಲ್‌ಶಾಕ್ 4 ಅನ್ನೇ ಒಪ್ಪುವುದಿಲ್ಲ, ಪಿಎಸ್4 ಆಟಗಳಿಗೆ ಮಾತ್ರ ಬಿಡುತ್ತದೆ. ಈ ಮೂರರಲ್ಲಿ ಹೊರಗಿನ ಕಂಟ್ರೋಲರ್‌ಗೆ ಸುಲಭವಾಗಿ ಬಾಗಿಲು ತೆರೆಯುವುದು ಸ್ವಿಚ್ ಒಂದೇ.

ಕಂಟ್ರೋಲರ್ ಮೂಲ ಕನ್ಸೋಲ್‌ಗೆ ಮರಳುವಾಗ

ಡ್ಯುಯಲ್‌ಶಾಕ್ 4 ಒಂದು ಸಲಕ್ಕೆ ಒಂದೇ ಜೋಡಿಯನ್ನು ನೆನಪಿಡುತ್ತದೆ. ಅಡಾಪ್ಟರ್ ಜೊತೆ ಕೂಡಿದ ಕೂಡಲೇ ಅದು ಪಿಎಸ್4 ಅನ್ನು ಮರೆತಿರುತ್ತದೆ. ವಾಪಸ್ ಕೂಡಿಸಲು ಮೈಕ್ರೊ ಯುಎಸ್‌ಬಿ ಕೇಬಲ್‌ನಿಂದ ಪಿಎಸ್4ಗೆ ಹಾಕಿ ಪಿಎಸ್ ಬಟನ್ ಒತ್ತಿ. ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಾಗಿರಬಾರದು, ಡೇಟಾ ಸಾಗಿಸುವಂಥದ್ದಾಗಿರಬೇಕು. ಡ್ಯುಯಲ್‌ಸೆನ್ಸ್‌ಗೂ ಇದೇ ವಿಧಾನ, ಕೇಬಲ್ ಮಾತ್ರ ಯುಎಸ್‌ಬಿ-ಸಿ. ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್‌ನಲ್ಲಿ ಈ ಗೋಳಿಲ್ಲ: ಪೇರ್ ಬಟನ್ನನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಬ್ಲೂಟೂತ್‌ನಿಂದ ತನ್ನ ಕನ್ಸೋಲ್‌ಗೆ, ಮತ್ತೆ ಎರಡು ಸಲ ಒತ್ತಿದರೆ ಅಡಾಪ್ಟರ್‌ಗೆ ಹೊರಳುತ್ತದೆ.